ಹಿಮದಲ್ಲಿ ನಡೆದ ವೈಮಾನಿಕ

ಆಕಾಶದಲ್ಲಿ ಹಾರಿ ಕೀರ್ತಿ ಪಡೆದ ವೈಮಾನಿಕರು ಅನೇಕರು. ನೆಲದ ಮೇಲೆ ನಡೆದು ಅಮರನಾದವನು ಫ್ರಾನ್ಸ್ ದೇಶದ ಆನ್ರಿ ಗಿಯೋಮೆ.

ಈತನು 1902ನೆಯ ಇಸವಿ ಮೇ 29ರಂದು ಮಾರ್ನ್ ಪ್ರಾಂತದ ಬೂಯಿ ಎಂಬ ಹಳ್ಳಿಯಲ್ಲಿ ಜನಿಸಿದನು. ಯೌವನದಲ್ಲಿ ಲಾತೆಕೋಯೆರ್ ಕಂಪೆನಿಯನ್ನು ಸೇರಿ ಅಂಚೆ ವಿಮಾನದ ಚಾಲಕನಾದನು. ತುಲೂಸ್ ನಗರದಿಂದ ಸ್ಪೇನ್ ಮಾರ್ಗವಾಗಿ ಆಫ್ರಿಕಾಕ್ಕೆ ಕಾಗದಗಳನ್ನು ಒಯ್ಯುವುದು ಆ ಕಂಪೆನಿಯ ಕೆಲಸ. ಮುಂದೆ ಲೇಖಕನೆಂದು ಪ್ರಸಿದ್ಧನಾದ ಸೇಂತ್-ಎಕ್ಸುಪೆರಿಯು ಅಲ್ಲಿಗೆ ಹೊಸಬನಾಗಿ ಬಂದಾಗ, ತುರ್ತಾಗಿ ಇಳಿಯಬೇಕಾದರೆ ಯಾವ ಹುಲ್ಲುಗಾವಲಿನಲ್ಲಿ ತೊರೆ ಅಡಗಿದೆ, ಯಾವ ಹೊಲದಂಚಿನಲ್ಲಿ ಮರಗಳಿವೆ ಎಂಬುದನ್ನೆಲ್ಲ ಕಲಿಸಿಕೊಟ್ಟವನು ಗಿಯೋಮೆಯೇ.

1929ರಲ್ಲಿ ಆತನನ್ನು ದಕ್ಷಿಣ ಅಮೆರಿಕಾಕ್ಕೆ ಕಳುಹಿಸಲಾಯಿತು. ಅರ್ಜೆಂಟೀನ ಮತ್ತು ಚಿಲಿ ದೇಶಗಳ ನಡುವೆ ಆಂಡೀಸ್ ಪರ್ವತಶ್ರೇಣಿ ಗೋಡೆಯಂತೆ ನಿಂತಿದೆ. ಅದರ ಅಕಾಂಕಾಗುವಾ ಶಿಖರದ ಎತ್ತರ 6,961 ಮೀಟರು. ಒಂದೇ ಎಂಜಿನಿನ ಸಣ್ಣ ವಿಮಾನದಲ್ಲಿ ಈ ಗೋಡೆಯನ್ನು ದಾಟಬೇಕಾಗಿತ್ತು. ಬೆಟ್ಟದ ನೆತ್ತಿಯನ್ನು ಹಾದ ಬಿರುಗಾಳಿ ಮತ್ತೊಂದು ಮಗ್ಗುಲಿನಲ್ಲಿ ಕೆಳಕ್ಕೆ ಧುಮುಕುತ್ತದೆ. ಅಂತಹ ಗಾಳಿಗೆ ಸಿಕ್ಕಿದ ಸಣ್ಣ ವಿಮಾನವು ಎಂಜಿನು ಎಷ್ಟೇ ದುಡಿದರೂ ಕೆಳಗಿಳಿಯುತ್ತಲೇ ಹೋಗುತ್ತದೆ. ಮೋಡ ಕವಿದರೆ ಎದುರಿಗಿರುವ ಬಂಡೆಯೂ ಕಾಣದು.

1930ರ ಜೂನ್ 13ರಂದು ಗಿಯೋಮೆಗೆ ಒದಗಿದ್ದು ಇದೇ ಗತಿ. ಅದು ಆತನ 92ನೆಯ ಆಂಡೀಸ್ ಯಾತ್ರೆ. ಭೂಮಧ್ಯರೇಖೆಯ ದಕ್ಷಿಣದಲ್ಲಿ ಜೂನ್ ತಿಂಗಳೆಂದರೆ ಕಡು ಚಳಿಗಾಲ. ಹಿಮದ ಬಿರುಗಾಳಿಯು ವಿಮಾನವನ್ನು ಕೆಳಕ್ಕೆ ತಳ್ಳಿತು. ಸುಮಾರು 3,250 ಮೀಟರು ಎತ್ತರದಲ್ಲಿರುವ ದಿಯಮಾಂತೆ ಸರೋವರವನ್ನು ಕಂಡು, ಪೆಟ್ರೋಲು ಮುಗಿಯುವವರೆಗೂ ಅದನ್ನೇ ಸುತ್ತಿ, ಕೊನೆಗೆ ದಡದಲ್ಲಿ ಇಳಿದನು. ಮೆತ್ತನೆಯ ಹಿಮದಲ್ಲಿ ವಿಮಾನ ಮಗುಚಿಕೊಂಡಿತು. ಎರಡು ದಿನ ಅದರ ಕೆಳಗೆ ಗುಂಡಿ ತೋಡಿ, ಅಂಚೆಯ ಚೀಲಗಳನ್ನು ಸುತ್ತಲೂ ಒಟ್ಟಿಕೊಂಡು ಕುಳಿತಿದ್ದನು.

ಬಿರುಗಾಳಿ ನಿಂತ ಮೇಲೆ ನಡೆಯತೊಡಗಿದನು. ಹಗ್ಗವಿಲ್ಲ, ಊಟವಿಲ್ಲ, ನಿದ್ರಿಸಿದರೆ ಮರಣ. ಊದಿಕೊಂಡ ಕಾಲುಗಳಿಗಾಗಿ ಬೂಟುಗಳನ್ನು ಕತ್ತರಿಸಿ ಅಗಲ ಮಾಡಿಕೊಂಡನು. ಸೇಂತ್-ಎಕ್ಸುಪೆರಿಯು ವಿಮಾನದಲ್ಲಿ ಮೇಲೆ ಹುಡುಕುತ್ತಿದ್ದರೂ ಆ ಶಿಖರಗಳ ನಡುವೆ ಒಬ್ಬ ಮನುಷ್ಯನನ್ನು ಕಾಣುವುದು ಸಾಧ್ಯವಾಗಲಿಲ್ಲ.

ಒಮ್ಮೆ ಬೋರಲು ಬಿದ್ದವನು ಏಳಲು ಇಚ್ಛಿಸಲಿಲ್ಲ. ಆಗ ಪತ್ನಿಯ ನೆನಪಾಯಿತು. ಶವ ದೊರೆಯದಿದ್ದರೆ ಕಾನೂನಿನಂತೆ ನಾಲ್ಕು ವರ್ಷ ಕಳೆದಲ್ಲದೆ ಆಕೆಗೆ ವಿಮೆಯ ಹಣ ಬರಲಾರದು. ಎದುರಿನ ಬಂಡೆಗೆ ಒರಗಿ ಸತ್ತರೆ ಬೇಸಿಗೆಯಲ್ಲಿ ಯಾರಿಗಾದರೂ ಕಂಡೀತೆಂದು ಎದ್ದನು. ಎದ್ದವನು ಮತ್ತೆ ಎರಡು ರಾತ್ರಿ, ಮೂರು ಹಗಲು ನಡೆದನು! ಜೂನ್ 19ರಂದು 14 ವರ್ಷದ ಹಳ್ಳಿಯ ಹುಡುಗನೊಬ್ಬನು ಆತನನ್ನು ಕಂಡು ಕಾಪಾಡಿದನು.

ಚೇತರಿಸಿಕೊಂಡ ಗಿಯೋಮೆಯು ಪುನಃ ಅದೇ ಮಾರ್ಗದಲ್ಲಿ ಹಾರಿದನು. ಒಟ್ಟು 393 ಬಾರಿ ಆಂಡೀಸನ್ನು ದಾಟಿದನು. ಸೇಂತ್-ಎಕ್ಸುಪೆರಿಯು 1939ರಲ್ಲಿ ಪ್ರಕಟವಾದ ತನ್ನ ಗ್ರಂಥವನ್ನು ಈ ಮಿತ್ರನಿಗೆ ಅರ್ಪಿಸಿದನು. ಪರ್ವತಗಳು ಉಳಿಸಿದ ಆ ಜೀವವನ್ನು ಯುದ್ಧವು ಉಳಿಸಲಿಲ್ಲ. 1940ರ ನವೆಂಬರ್ 27ರಂದು ಮೆಡಿಟರೇನಿಯನ್ ಸಮುದ್ರದ ಮೇಲೆ ಆತನ ವಿಮಾನವನ್ನು ಹೊಡೆದುರುಳಿಸಲಾಯಿತು.

ಗಿಯೋಮೆಯನ್ನು ಎಬ್ಬಿಸಿದ್ದು ಕೀರ್ತಿಯ ಆಸೆಯಲ್ಲ, ಬದುಕುವ ಭರವಸೆಯೂ ಅಲ್ಲ; ತನ್ನನ್ನು ನಂಬಿದವರ ಋಣ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲಿಗರು. ನಮ್ಮನ್ನು ನಂಬಿ ಕಾದಿರುವವರು ಇದ್ದಾರೆ. ದಾರಿ ಕಾಣದಾದಾಗ ಎದುರಿನ ಬಂಡೆಯವರೆಗಾದರೂ ನಡೆಯೋಣ. ಮುಂದಿನ ದಾರಿ ಅಲ್ಲಿಂದ ತೆರೆದೀತು.