ಎರಡು ಖಂಡಗಳ ಬೀಜವನ್ನು ಬೆಸೆದ ರಾಗಿ ಲಕ್ಷ್ಮಣಯ್ಯ



ಬೆಂಗಳೂರಿನ ಜಯನಗರ, ಬನಶಂಕರಿ ಭಾಗಗಳಲ್ಲಿ ನಮ್ಮ ಕರಾವಳಿಯ ಅನೇಕ ಕುಟುಂಬಗಳು ನೆಲೆಸಿವೆ. ಅಲ್ಲಿಗೆ ಹೋದವರು ಯಡಿಯೂರು ಕೆರೆಯನ್ನು ಕಂಡಿರಬಹುದು. ಈಗ ಅದರ ಸುತ್ತ ಮನೆಗಳು, ಅಂಗಡಿಗಳು, ವಾಹನಗಳ ಸದ್ದು. ಆದರೆ ಹೆಸರಿನ ಕೊನೆಯಲ್ಲಿ 'ಊರು' ಇನ್ನೂ ಉಳಿದಿದೆ. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬೀಳುವ ಕಾಲಕ್ಕೆ ಇವೆಲ್ಲ ಬೆಂಗಳೂರಿನ ಹೊರಗಿನ ಹಳ್ಳಿಗಳು. ಈ ಸೀಮೆಯ ಕೆಂಪು ನೆಲದ ಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಬೆಳೆ ರಾಗಿ. ಹೊಲದ ನಡುವೆ ಅವರೆ, ಹುಚ್ಚೆಳ್ಳು, ಸಾಸಿವೆಯ ಅಕ್ಕಡಿ ಸಾಲುಗಳು. ಒಕ್ಕಣೆಯಾದ ಮೇಲೆ ಹಗೇವಿನಲ್ಲಿ ತುಂಬಿಟ್ಟ ರಾಗಿಯೇ ಬಡವನ ಧೈರ್ಯ.

ಕರಾವಳಿಯ ನಾವು ಅನ್ನ, ಗಂಜಿ ಉಣ್ಣುವವರು. ನಮಗೆ ರಾಗಿಯೆಂದರೆ ಎಳೆಯ ಮಕ್ಕಳ ಮಣ್ಣಿ, ಬೇಸಿಗೆಯ ಅಂಬಲಿ. ಬಯಲುಸೀಮೆಯವರಿಗಾದರೋ ಅದು ದಿನದ ಊಟ. ಆ ಊಟವನ್ನು ಹೆಚ್ಚಿಸುವುದಕ್ಕಾಗಿ ತಮ್ಮ ಆಯುಷ್ಯವನ್ನೆಲ್ಲ ಒಂದೇ ಬೆಳೆಗೆ ಮುಡಿಪಿಟ್ಟವರು ಡಾ. ಸಿ. ಎಚ್. ಲಕ್ಷ್ಮಣಯ್ಯನವರು. ರೈತರು ಅವರನ್ನು ಕರೆದದ್ದು ರಾಗಿ ಲಕ್ಷ್ಮಣಯ್ಯ ಎಂದು. ಅವರು ಅಗಲಿ ಮೂರು ದಶಕಗಳೇ ಕಳೆದಿವೆ. ರೈತನಲ್ಲದ ನಮಗೂ ಅವರ ಬದುಕಿನಲ್ಲಿ ಒಂದು ಪಾಠವಿದೆ.

ಲಕ್ಷ್ಮಣಯ್ಯನವರು ಜನಿಸಿದ್ದು 1921ರಲ್ಲಿ, ಮೈಸೂರು ಕಡೆಯ ಹಾರೋಹಳ್ಳಿಯಲ್ಲಿ. ಓದು ಮುಗಿಸಿ ಅವರು ಸೇರಿದ್ದು ಮಂಡ್ಯದ ವಿ. ಸಿ. ಫಾರಂಗೆ, ಅಂದರೆ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರಕ್ಕೆ. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಮಂಡ್ಯದ ಸೀಮೆ ಹಸಿರಾಗತೊಡಗಿದ ಕಾಲದಲ್ಲಿ ಹುಟ್ಟಿಕೊಂಡ ಸಂಶೋಧನಾ ಕೇಂದ್ರವದು. ಸುತ್ತಲಿನವರ ಗಮನವೆಲ್ಲ ಕಬ್ಬು, ಭತ್ತಗಳ ಮೇಲಿದ್ದಾಗ ಈ ಯುವಕ ಆರಿಸಿಕೊಂಡದ್ದು ಯಾರೂ ದೊಡ್ಡ ಬೆಳೆಯೆಂದು ಎಣಿಸದ ರಾಗಿಯನ್ನು.

ಮೈಸೂರು ಸಂಸ್ಥಾನದಲ್ಲಿ ರಾಗಿಯ ಸಂಶೋಧನೆ ಅದಕ್ಕೂ ಮೊದಲೇ ಆರಂಭವಾಗಿತ್ತು. ಕೆನಡಾ ದೇಶದಿಂದ 1908ರಲ್ಲಿ ಬಂದು, 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಡಾ. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಇದಕ್ಕೆ ತಳಹದಿ ಬಿತ್ತು. ಆಗಿನ ವಿಧಾನ ಸರಳ. ರೈತರ ಹೊಲದಲ್ಲಿ ಒಳ್ಳೆಯ ತೆನೆಗಳನ್ನು ಆರಿಸುವುದು, ಒಂದೊಂದರ ಬೀಜವನ್ನೂ ಬೇರೆ ಬೇರೆಯಾಗಿ ಬಿತ್ತುವುದು, ಉತ್ತಮವಾದುದನ್ನು ಉಳಿಸಿಕೊಳ್ಳುವುದು. ಎಚ್-22ರಂಥ ತಳಿಗಳು ಹೀಗೆ ಬಂದವು. ಆದರೆ ಆರಿಸುವ ಕೆಲಸಕ್ಕೆ ಒಂದು ಮಿತಿಯಿದೆ. ಹೊಲದಲ್ಲಿ ಇಲ್ಲದ ಗುಣವನ್ನು ಎಷ್ಟು ಹುಡುಕಿದರೂ ಆರಿಸಲಾಗದು. ಹೊಸ ಗುಣಗಳ ಕೂಟ ಬೇಕಾದರೆ ಎರಡು ಗಿಡಗಳನ್ನು ಕೂಡಿಸಬೇಕು, ಸಂಕರ ಮಾಡಬೇಕು.

ರಾಗಿಯಲ್ಲಿ ಅತ್ಯಂತ ಕಷ್ಟದ ಕೆಲಸ ಅದೇ. ಒಂದು ಗ್ರಾಂ ತೂಕಕ್ಕೆ ಮುನ್ನೂರಕ್ಕೂ ಹೆಚ್ಚು ಕಾಳು ಹಿಡಿಯುವ ಧಾನ್ಯವಿದು. ಹೂವಂತೂ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಹೂವು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವಕ್ಕೆ ಮುಂಚೆ. ಅರಳುವ ಹೊತ್ತಿಗೆ ಸಾಮಾನ್ಯವಾಗಿ ತನ್ನದೇ ಪರಾಗದಿಂದ ಗರ್ಭ ಕಟ್ಟಿರುತ್ತದೆ. ನೂರು ಹೂವುಗಳಲ್ಲಿ ಒಂದಕ್ಕಾದರೂ ಬೇರೆ ಗಿಡದ ಪರಾಗ ತಗಲುವುದು ಅಪರೂಪ. ಎರಡು ಗಿಡಗಳ ಎಳೆಯ ತೆನೆಗಳನ್ನು ಒಟ್ಟಿಗೆ ಕಟ್ಟಿಟ್ಟು, ಸಾವಿರಾರು ಕಾಳುಗಳಲ್ಲಿ ಕೆಲವಾದರೂ ಸಂಕರವಾದೀತೆಂದು ಕಾಯುವುದು ಒಂದು ಉಪಾಯ.

ಹಾಗೆ ಆದ ಸಂಕರವನ್ನು ಗುರುತಿಸುವುದು ಹೇಗೆ? ಇದಕ್ಕೆ ನೆರವಾದದ್ದು, ಬಟಾಣಿ ಗಿಡಗಳನ್ನು ಬೆಳೆಸಿ ತಳಿಶಾಸ್ತ್ರಕ್ಕೆ ಅಡಿಪಾಯ ಹಾಕಿದ ಅಗಸ್ಟೀನಿಯನ್ ಸನ್ಯಾಸಿ ಗ್ರೆಗರ್ ಮೆಂಡೆಲ್ ಅವರ ನಿಯಮ. ಹಸಿರು ಕಡ್ಡಿಯ ಗಿಡವನ್ನು ತಾಯಿಯಾಗಿಯೂ ನೇರಳೆ ಬಣ್ಣದ ಗಿಡವನ್ನು ತಂದೆಯಾಗಿಯೂ ಇಟ್ಟುಕೊಂಡರೆ, ನೇರಳೆ ಪ್ರಬಲ ಗುಣವಾದುದರಿಂದ ಸಂಕರದ ಸಸಿ ನೇರಳೆಯಾಗಿ ಹುಟ್ಟುತ್ತದೆ. ಹಸಿರು ಸಸಿಗಳ ನಡುವೆ ಎದ್ದು ಕಾಣುವ ಆ ಒಂದೆರಡು ಸಸಿಗಳೇ ಹೊಸ ತಳಿಯ ಬೀಜ. ಅಲ್ಲಿಂದ ಮುಂದೆ ಆರೇಳು ಪೀಳಿಗೆಗಳವರೆಗೆ ಬಿತ್ತಿ, ಆರಿಸಿ, ಗುಣಗಳು ಸ್ಥಿರವಾದ ಮೇಲೆಯೇ ಅದನ್ನು ರೈತನ ಕೈಗೆ ಕೊಡಬಹುದು. ಮಳೆಯನ್ನೇ ನಂಬಿದ ಹೊಲದಲ್ಲಿ ಇದಕ್ಕೆ ಏಳೆಂಟು ವರ್ಷ ಬೇಕು. ನಾಲೆಯ ನೀರಿದ್ದ ವಿ. ಸಿ. ಫಾರಂನಲ್ಲಿ ಬೇಸಿಗೆಯಲ್ಲೂ ಬೆಳೆ ತೆಗೆಯಲು ಸಾಧ್ಯವಿತ್ತು.

ಇಂಥ ತಾಳ್ಮೆಯ ಕೆಲಸದಿಂದ ಲಕ್ಷ್ಮಣಯ್ಯನವರು 1950 ಮತ್ತು 60ರ ದಶಕಗಳಲ್ಲಿ ದೇಶೀಯ ರಾಗಿಗಳನ್ನೇ ಒಂದಕ್ಕೊಂದು ಕೂಡಿಸಿ ಅರುಣ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದ ತಳಿಗಳನ್ನು ರೈತರಿಗೆ ನೀಡಿದರು. ಇಷ್ಟಕ್ಕೇ ತೃಪ್ತರಾಗಬಹುದಿತ್ತು. ಅವರು ತೃಪ್ತರಾಗಲಿಲ್ಲ.

ರಾಗಿಯ ತವರು ನಮ್ಮ ದೇಶವಲ್ಲ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ ಅದು ಮೊದಲು ಬೆಳೆಯಾಯಿತು. ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದು ಇಲ್ಲಿಯದೇ ಆಗಿಬಿಟ್ಟಿತು. ಆದರೆ ಕಡಲು ದಾಟಿ ಬಂದದ್ದು ಸ್ವಲ್ಪವೇ ಬೀಜ, ತವರಿನ ವೈವಿಧ್ಯದ ಒಂದು ಪಾಲು ಮಾತ್ರ. ಬಹುಕಾಲ ಅಗಲಿದ್ದುದರಿಂದ ಎರಡು ಕಡೆಯ ರಾಗಿಗಳ ಗುಣವೂ ಬೇರೆಯಾಯಿತು. ನಮ್ಮ ರಾಗಿ ಹೆಚ್ಚು ತೆಂಡೆ ಒಡೆಯುವುದು, ಬೇಗ ಕೊಯ್ಲಿಗೆ ಬರುವುದು. ಆಫ್ರಿಕಾದ ರಾಗಿಗೆ ದಪ್ಪ ಕಡ್ಡಿ, ಭಾರವಾದ ತೆನೆ; ಬೆಂಕಿರೋಗವನ್ನು ತಡೆಯುವ ಶಕ್ತಿ ಅದರ ಅನೇಕ ತಳಿಗಳಲ್ಲಿದೆ. ಆದರೆ ನಮ್ಮ ನೆಲದಲ್ಲಿ ಅದು ಕೊಯ್ಲಿಗೆ ಬರುವುದು ತಡ.

ಈ ಎರಡನ್ನೂ ಕೂಡಿಸಿದರೆ ಹೇಗೆ? ಲಕ್ಷ್ಮಣಯ್ಯನವರು ಕೈಹಾಕಿದ್ದು ಇದಕ್ಕೇ. 1970ರ ದಶಕದಲ್ಲಿ ಅದರ ಫಲವಾಗಿ ಇಂಡಾಫ್ ತಳಿಗಳು ಹೊರಬಂದವು. ಇಂಡಿಯಾದ ಇಂಡ್, ಆಫ್ರಿಕಾದ ಆಫ್: ತಂದೆತಾಯಿ ಇಬ್ಬರ ಊರನ್ನೂ ಹೇಳುವ ಹೆಸರು. ಬೇಗ ಬಿತ್ತುವವರಿಗೆ ದೀರ್ಘಾವಧಿಯ ಇಂಡಾಫ್-8, ಮಳೆ ತಡವಾದವರಿಗೂ ಬೇಸಿಗೆ ಬೆಳೆಯವರಿಗೂ ಅಲ್ಪಾವಧಿಯ ಇಂಡಾಫ್-9, ನಡುವೆ ಬಹಳ ಜನಪ್ರಿಯವಾದ ಇಂಡಾಫ್-5. ಹೀಗೆ ಒಂದೊಂದು ಹಂಗಾಮಿಗೂ ಒಂದೊಂದು ತಳಿ ಸಿದ್ಧವಾಯಿತು. ದೇಶ ಆಗ ಹೊರಗಿನಿಂದ ಬಂದ ಗಿಡ್ಡ ಗೋಧಿ, ಗಿಡ್ಡ ಭತ್ತಗಳ ಸಂಭ್ರಮದಲ್ಲಿತ್ತು. ರಾಗಿಯ ಇಳುವರಿ ಹೆಚ್ಚುವುದರಲ್ಲಿ ಮಂಡ್ಯದ ಈ ಗದ್ದೆಗಳಿಗೂ ದೊಡ್ಡ ಪಾಲಿತ್ತು. 1950ರ ದಶಕದಲ್ಲಿ ದೇಶದ ರಾಗಿ ಬೆಳೆ ಹೆಕ್ಟೇರಿಗೆ ಸರಾಸರಿ ಏಳೆಂಟು ಕ್ವಿಂಟಲ್‌ನ ಆಸುಪಾಸಿನಲ್ಲಿತ್ತು. ಶತಮಾನ ಮುಗಿಯುವ ಹೊತ್ತಿಗೆ ಅದು ಸುಮಾರು ಇಮ್ಮಡಿಯಾಗಿತ್ತು. ರಾಗಿ ಬಿತ್ತುವ ಭೂಮಿ ಕಡಿಮೆಯಾಗುತ್ತ ಬಂದರೂ ಕಣಜ ಬರಿದಾಗಲಿಲ್ಲ. ಇದರಲ್ಲಿ ಗೊಬ್ಬರ, ಬೇಸಾಯ ಕ್ರಮಗಳ ಪಾಲೂ ಇದೆ. ಇಂಡಾಫ್‌ನಂಥ ತಳಿಗಳ ಪಾಲೂ ಇದೆ. ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಇಲ್ಲಿಯೇ ಈ ಕಥೆಯ ಇನ್ನೊಂದು ಮುಖವನ್ನೂ ಹೇಳಬೇಕು. ಒಳ್ಳೆಯ ಬೀಜ ಬಂದಾಗ ರೈತ ಹಳೆಯದನ್ನು ಬಿಡುವುದು ಸಹಜ. ಅವನನ್ನು ದೂಷಿಸುವಂತಿಲ್ಲ, ಅವನಿಗೂ ಸಂಸಾರವಿದೆ. ಹೀಗೆ ಉಂಡೆ ರಾಗಿ, ಕರಿಗಿಡ್ಡ, ಮಜ್ಜಿಗೆ ರಾಗಿ, ರುದ್ರಜಡೆ ಮುಂತಾದ ನಾಟಿ ರಾಗಿಗಳು ಹೊಲದಿಂದ ಹೊಲಕ್ಕೆ ಹಿಂದೆ ಸರಿದವು. ಊರೆಲ್ಲ ಒಂದೇ ಬಗೆಯ ಬೆಳೆಯಾದಾಗ ರೋಗಕ್ಕೂ ದಾರಿ ಸುಲಭ. ಇಂಡಾಫ್ ತಳಿಗಳಲ್ಲಿ ಹಲವು ಬೆಂಕಿರೋಗಕ್ಕೆ ತುತ್ತಾಗತೊಡಗಿದವು. ತೆನೆಯ ಕುತ್ತಿಗೆಗೆ ಈ ರೋಗ ತಗಲಿದರೆ ಕಾಳು ಜೊಳ್ಳಾಗುತ್ತದೆ, ತಿಂಗಳುಗಳ ದುಡಿಮೆ ಒಂದೆರಡು ವಾರಗಳಲ್ಲಿ ಕೈಬಿಡುತ್ತದೆ.

ಇದಕ್ಕೆ ಉತ್ತರವನ್ನು ಮತ್ತೆ ಹುಡುಕಬೇಕಾದದ್ದು ಬೀಜಗಳ ವೈವಿಧ್ಯದಲ್ಲಿಯೇ. ಕಿರುಧಾನ್ಯಗಳ ಅಖಿಲ ಭಾರತ ಸಂಶೋಧನಾ ಯೋಜನೆ 1986ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ನೆಲೆಗೊಂಡಿತು. ಅಲ್ಲಿಯ ವಿಜ್ಞಾನಿಗಳು ಇಂಡಾಫ್-5, ಇಂಡಾಫ್-9 ಇವೆರಡರೊಂದಿಗೆ ಐ.ಇ.-1012 ಎಂಬ ಆಫ್ರಿಕಾ ಮೂಲದ ತಳಿಯನ್ನು ಕೂಡಿಸಿ ಜಿ.ಪಿ.ಯು.-28ನ್ನು ರೂಪಿಸಿದರು. ಬೆಂಕಿರೋಗವನ್ನು ತಡೆದುಕೊಳ್ಳುವ ಈ ರಾಗಿ 1990ರ ದಶಕದ ಉತ್ತರಾರ್ಧದಲ್ಲಿ ಬಂದು ಕರ್ನಾಟಕದ ಹೊಲಗಳನ್ನು ತುಂಬಿತು. ಲಕ್ಷ್ಮಣಯ್ಯನವರು ಅದನ್ನು ನೋಡಲಿಲ್ಲ. 1993ರಲ್ಲಿಯೇ ಅವರು ತೀರಿಕೊಂಡಿದ್ದರು. ಆದರೆ ಅವರ ಬೀಜ ಅದರೊಳಗಿತ್ತು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ತಂಡ ರಾಗಿಯ ಇಡೀ ಜೀನೋಮನ್ನು ಓದಿ ಪ್ರಕಟಿಸಿತು. ಅದಕ್ಕೆ ಆರಿಸಿಕೊಂಡ ತಳಿ ಎಂ.ಎಲ್.-365. ಅದೂ ಇಂಡಾಫ್-5ರ ಸಂತಾನವೇ.

ಐ.ಇ.-1012ರಂಥ ಬೀಜ ಬೇಕಾದಾಗ ಸಿಕ್ಕಿದ್ದು ಯಾರೋ ಅದನ್ನು ಜೋಪಾನವಾಗಿ ಇಟ್ಟಿದ್ದರಿಂದ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರ ಇಕ್ರಿಸ್ಯಾಟ್‌ನ ತಂಪು ಕೋಣೆಗಳಲ್ಲಿ ಹಲವು ದೇಶಗಳ ಸಾವಿರಾರು ಬಗೆಯ ರಾಗಿಗಳಿವೆ. 2006ರಲ್ಲಿ ಅಲ್ಲಿಯ ವಿಜ್ಞಾನಿಗಳು 5940 ಬಗೆಗಳನ್ನು ತೂಗಿ ನೋಡಿ, ಇಡೀ ವೈವಿಧ್ಯವನ್ನು ಪ್ರತಿನಿಧಿಸುವ 622ನ್ನು ಆರಿಸಿದರು. 2010ರಲ್ಲಿ ಅದನ್ನೂ ಸೋಸಿ 80ಕ್ಕೆ ಇಳಿಸಿದರು. ರೋಗಕ್ಕೆ, ಬರಕ್ಕೆ, ಪೌಷ್ಟಿಕತೆಗೆ ಬೇಕಾದ ಗುಣವನ್ನು ಹುಡುಕುವವರು ಇನ್ನು ಆರು ಸಾವಿರವನ್ನು ಜಾಲಾಡಬೇಕಿಲ್ಲ, ಮೊದಲು ಎಂಬತ್ತನ್ನು ಬಿತ್ತಿ ನೋಡಿದರೆ ಸಾಕು. ಆದರೆ ತಂಪು ಕೋಣೆಯ ಬೀಜ ಇಟ್ಟಲ್ಲೇ ಇರುತ್ತದೆ. ಬದಲಾಗುವ ಮಳೆಗೆ, ಹೊಸ ರೋಗಕ್ಕೆ ಹೊಂದಿಕೊಳ್ಳುವುದನ್ನು ಕಲಿಯುವುದು ಹೊಲದ ಬೀಜವೇ. ಹಾಗಾಗಿ ಎರಡೂ ಬೇಕು.

ಈ ಮಾತು ನಮ್ಮ ಕರಾವಳಿಗೂ ಸಲ್ಲುತ್ತದೆ. ಕೇರಳದಿಂದ ಬಂದ ಎಂ.ಒ.-4 ಭತ್ತ ನಮ್ಮ ಗದ್ದೆಗಳನ್ನು ಆವರಿಸಿದ ಮೇಲೆ ಕಯಮೆಯಂಥ ಹಳೆಯ ಭತ್ತಗಳ ಹೆಸರೂ ಎಳೆಯರಿಗೆ ತಿಳಿಯದು. ಕುಮಟಾದ ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗ ಭತ್ತವನ್ನು ಕೆಲವೇ ರೈತರು ಉಳಿಸಿಕೊಂಡಿದ್ದಾರೆ. ಕಡಲು ಏರಿ ಗದ್ದೆಗೆ ಉಪ್ಪುನೀರು ನುಗ್ಗುವ ದಿನಗಳಲ್ಲಿ ನಮಗೆ ಬೇಕಾಗುವ ಗುಣ ಆ ಕಗ್ಗದಲ್ಲಿದೆ. ಅಂದು ಅದು ಕೈಯಲ್ಲಿರಬೇಕಾದರೆ ಇಂದು ಯಾರಾದರೂ ಅದನ್ನು ಬಿತ್ತಬೇಕು.

ಲಕ್ಷ್ಮಣಯ್ಯನವರಿಗೆ ಸಾಧ್ಯವಾದದ್ದು ಏಕೆ? ಅವರ ಬುದ್ಧಿ, ಶ್ರಮಗಳು ನಿಜ. ಅದರ ಜೊತೆಗೆ ಕರ್ನಾಟಕದ, ಆಫ್ರಿಕಾದ ಹೆಸರಿಲ್ಲದ ರೈತರು, ಅವರಲ್ಲೂ ಬೀಜ ಕಾಯುವ ಹೆಂಗಸರು, ನೂರಾರು ತಲೆಮಾರು ಬಗೆಬಗೆಯ ರಾಗಿಯನ್ನು ಕಾಪಾಡಿಕೊಂಡು ಬಂದಿದ್ದರು. ಆ ಕಣಜಕ್ಕೆ ಅವರು ಕೈಹಾಕಿದರು. ಮುಂದಿನ ಲಕ್ಷ್ಮಣಯ್ಯನವರು ಕೈಹಾಕುವ ಹೊತ್ತಿಗೆ ಕಣಜದಲ್ಲಿ ಏನಾದರೂ ಉಳಿದಿರಬೇಕು. ಮನೆಯ ಮಾಡಿನಲ್ಲೋ ಮಣ್ಣಿನ ಮಡಕೆಯಲ್ಲೋ ಅಜ್ಜಿ ಕಟ್ಟಿಟ್ಟ ಹಳೆಯ ಬೀಜ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ, ಈ ಮಳೆಗಾಲದಲ್ಲಿ ಅದನ್ನು ಒಂದು ಮೂಲೆಯಲ್ಲಾದರೂ ಬಿತ್ತಿರಿ, ನೆರೆಯವರಿಗೂ ಒಂದು ಹಿಡಿ ಕೊಡಿರಿ.