ಮೂರು ತಿಂಗಳ ಪ್ರತಿಜ್ಞೆ

ವಿಭೂತಿ ಬುಧವಾರದಂದು ಮಾಡಿದ ನಿರ್ಧಾರ ತಪಸ್ಸುಕಾಲದ ಎರಡನೆಯ ಭಾನುವಾರ ಬರುವಷ್ಟರಲ್ಲಿ ಮುರಿದುಬೀಳುವುದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. ಬಿಡಬೇಕೆಂದಿದ್ದನ್ನೇ ಮತ್ತೆ ಹಿಡಿದು, ತನ್ನ ಬಾಳನ್ನು ತನ್ನ ಕೈಯಾರೆ ಕೆಡಿಸಿಕೊಳ್ಳುವ ಮನುಷ್ಯ ಎದ್ದು ನಿಲ್ಲುವುದು ಹೇಗೆ? ಐರ್ಲೆಂಡಿನ ಬಡ ಕೂಲಿಕಾರ ಮ್ಯಾಟ್ ಟಾಲ್ಬಟ್‌ನ ಜೀವನ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು, ಡಬ್ಲಿನ್ ನಗರದಲ್ಲಿ. 12 ಮಕ್ಕಳಲ್ಲಿ ಎರಡನೆಯವನು. ತಂದೆ ಚಾರ್ಲ್ಸ್‌ಗೆ ಕುಡಿತದ ಚಟವಿತ್ತು. ತಾಯಿ ಎಲಿಜಬೆತ್ ಬಡತನದಲ್ಲೇ ಸಂಸಾರ ತೂಗಿಸುತ್ತಿದ್ದಳು. ಮ್ಯಾಟ್ ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. 12ನೆಯ ವಯಸ್ಸಿಗೇ ಮದ್ಯದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿದ. ಅಲ್ಲೇ ಕುಡಿಯಲು ಕಲಿತ. ತಂದೆ ಅವನನ್ನು ಅಲ್ಲಿಂದ ಬಿಡಿಸಿ, ತಾನು ದುಡಿಯುತ್ತಿದ್ದ ಬಂದರಿನಲ್ಲಿ ಕೆಲಸಕ್ಕೆ ಹಚ್ಚಿದ. ಆದರೆ ಅಲ್ಲಿದ್ದದ್ದು ವಿಸ್ಕಿಯ ಉಗ್ರಾಣ! ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು.

ಮುಂದಿನ ವರ್ಷಗಳಲ್ಲಿ ಮ್ಯಾಟ್‌ನ ಸಂಬಳವೆಲ್ಲ ಹೆಂಡದಂಗಡಿಯ ಪಾಲಾಯಿತು. ದುಡ್ಡು ಮುಗಿದರೆ ಕಾಲಿನ ಬೂಟುಗಳನ್ನೂ ಅಡವಿಡುತ್ತಿದ್ದ. ಒಮ್ಮೆ ಅವನೂ ಗೆಳೆಯರೂ ಸೇರಿ, ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದವನೊಬ್ಬನ ಪಿಟೀಲನ್ನೇ ಕದ್ದು, ಮಾರಿ ಕುಡಿದರು. ಇಷ್ಟಾದರೂ ಅವನು ಸೋಮಾರಿಯಲ್ಲ, ಕಷ್ಟಪಟ್ಟು ದುಡಿಯುವವನೇ. ಕೈ ತುಂಬ ಕೆಲಸ, ಕಿಸೆ ಮಾತ್ರ ಖಾಲಿ. ತನ್ನ ಶತ್ರು ತಾನೇ ಆಗಿದ್ದ.

1884ರಲ್ಲಿ, 28ನೆಯ ವಯಸ್ಸಿನಲ್ಲಿ, ತಿರುವು ಬಂತು. ಆ ವಾರ ಮ್ಯಾಟ್ ಕೆಲಸಕ್ಕೆ ಹೋಗಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಶನಿವಾರ ಸಂಬಳ ಪಡೆದು ಬರುವ ಗೆಳೆಯರು ಕುಡಿಸಿಯಾರೆಂದು ಹೆಂಡದಂಗಡಿಯ ಬಳಿ ಕಾದು ನಿಂತ. ತಾನು ಎಷ್ಟೋ ಸಲ ಕುಡಿಸಿದ್ದ ಗೆಳೆಯರು ಒಬ್ಬೊಬ್ಬರಾಗಿ ಹಾದುಹೋದರು. ಯಾರೂ ಒಳಗೆ ಕರೆಯಲಿಲ್ಲ. ಆ ಅವಮಾನ ಅವನನ್ನು ಮನೆಯ ದಾರಿ ಹಿಡಿಸಿತು. ಕುಡಿತ ಬಿಡುವ ಪ್ರತಿಜ್ಞೆ ಮಾಡುತ್ತೇನೆಂದು ತಾಯಿಗೆ ಹೇಳಿದ. ಪಾಲಿಸುವ ಮನಸ್ಸಿದ್ದರೆ ಮಾತ್ರ ಮಾಡು ಎಂದು ಆಕೆ ಎಚ್ಚರಿಸಿದಳು. ಅಂದೇ ಕ್ಲಾನ್ಲಿಫ್‌ನ ಹೋಲಿ ಕ್ರಾಸ್ ಕಾಲೇಜಿಗೆ ಹೋಗಿ, ಗುರುಗಳ ಬಳಿ ಪಾಪನಿವೇದನೆ ಮಾಡಿ, ಪ್ರತಿಜ್ಞೆ ಸ್ವೀಕರಿಸಿದ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅವನು ಜೀವನಪೂರ್ತಿ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಲಿಲ್ಲ. ಮೂರೇ ತಿಂಗಳಿಗೆ ಮಾಡಿದ. ಅದನ್ನೂ ಉಳಿಸಿಕೊಳ್ಳುವ ನಂಬಿಕೆ ಅವನಿಗಿರಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಆರು ತಿಂಗಳಿಗೆ, ಆಮೇಲಷ್ಟೇ ಜೀವನಪೂರ್ತಿಗೆ ಪ್ರತಿಜ್ಞೆ ಮಾಡಿದ.

ಆ ಮೊದಲ ತಿಂಗಳುಗಳು ನರಕಯಾತನೆ. ಕೆಲಸ ಮುಗಿದ ಮೇಲಿನ ಸಂಜೆಯನ್ನು ಕಳೆಯುವುದೇ ಕಷ್ಟವಾಗಿತ್ತು. ಗೆಳೆಯರು ಅಂಗಡಿಗೆ ಹೋಗುವ ಹೊತ್ತಿನಲ್ಲಿ ಮ್ಯಾಟ್ ದೇವಾಲಯಕ್ಕೆ ಹೋಗಿ ಪರಮಪ್ರಸಾದದ ಮುಂದೆ ಮೊಣಕಾಲೂರುತ್ತಿದ್ದ. ಬೆಳಗ್ಗೆ ಕೆಲಸಕ್ಕೆ ಮುನ್ನ ಬಲಿಪೂಜೆ ತಪ್ಪಿಸುತ್ತಿರಲಿಲ್ಲ. ಒಮ್ಮೆ ಆಸೆ ತಡೆಯಲಾಗದೆ ಹೆಂಡದಂಗಡಿಯೊಂದರ ಒಳಗೇ ಹೋಗಿಬಿಟ್ಟ. ಅಂಗಡಿಯವನು ಬೇರೆ ಗಿರಾಕಿಗಳ ಗಡಿಬಿಡಿಯಲ್ಲಿ ಅವನನ್ನು ಗಮನಿಸಲಿಲ್ಲ. ಮ್ಯಾಟ್ ಹೊರಬಂದು ನೇರವಾಗಿ ದೇವಾಲಯಕ್ಕೆ ನಡೆದ. ಅಂದಿನಿಂದ ಕಿಸೆಯಲ್ಲಿ ಹಣ ಇಟ್ಟುಕೊಂಡು ತಿರುಗುವುದನ್ನೇ ಬಿಟ್ಟ. ಮನಸ್ಸು ಸೋತರೂ ಕೈಗೆ ಹಣ ಸಿಗಬಾರದು, ಅಷ್ಟೆ.

ನಂತರ ಹಳೆಯ ಸಾಲಗಳನ್ನು ಒಂದೊಂದಾಗಿ ತೀರಿಸಿದ. ಪಿಟೀಲು ಕಳೆದುಕೊಂಡವನನ್ನು ಊರೆಲ್ಲ ಹುಡುಕಿದ. ಸಿಗದಿದ್ದಾಗ ಆ ಹಣವನ್ನು ಅವನಿಗಾಗಿ ಬಲಿಪೂಜೆ ಅರ್ಪಿಸಲು ಕೊಟ್ಟ. ಪ್ರಿಯವಾಗಿದ್ದ ಹೊಗೆಸೊಪ್ಪಿನ ಪೈಪನ್ನೂ ತ್ಯಜಿಸಿದ. ಸರಿಯಾಗಿ ಓದಲು ಬಾರದಿದ್ದವನು ಶ್ರಮಪಟ್ಟು ಓದು ರೂಢಿಸಿಕೊಂಡು ಸಂತರ ಚರಿತ್ರೆಗಳನ್ನು ಓದಿದ. 1890ರಲ್ಲಿ ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದ. ಮರದ ಡಿಪೋದಲ್ಲಿ ಕೂಲಿ ಮಾಡುತ್ತಾ, ದುಡಿದದ್ದರಲ್ಲಿ ತನಗೆ ಅತ್ಯಲ್ಪ ಉಳಿಸಿಕೊಂಡು ಮಿಕ್ಕದ್ದನ್ನು ಬಡವರಿಗೂ ಧರ್ಮಪ್ರಚಾರದ ಕಾರ್ಯಕ್ಕೂ ಕೊಡುತ್ತಿದ್ದ. 1915ರಲ್ಲಿ ತೀರಿಕೊಂಡ ತಾಯಿಯನ್ನು ಕೊನೆಯವರೆಗೂ ನೋಡಿಕೊಂಡ.

1925ರ ಜೂನ್ 7, ಪವಿತ್ರ ತ್ರಿತ್ವದ ಭಾನುವಾರ. ಬಲಿಪೂಜೆಗೆ ಹೋಗುತ್ತಿದ್ದ ಮ್ಯಾಟ್ ಗ್ರ್ಯಾನ್ಬಿ ಲೇನ್ ಎಂಬ ಓಣಿಯಲ್ಲಿ ಕುಸಿದು ಪ್ರಾಣಬಿಟ್ಟ. ಆಸ್ಪತ್ರೆಯಲ್ಲಿ ಬಟ್ಟೆ ತೆಗೆದಾಗ ಮೈಮೇಲೆ ಸರಪಳಿಗಳು ಕಂಡವು. ಮಾತೆ ಮರಿಯಮ್ಮನವರಿಗೆ ತನ್ನನ್ನು ದಾಸನಾಗಿ ಒಪ್ಪಿಸಿಕೊಂಡದ್ದರ ಗುರುತು ಅವು. ಅಂಥ ತಪಸ್ಸನ್ನು ಧರ್ಮಸಭೆ ಎಲ್ಲರಿಂದಲೂ ಬಯಸುವುದಿಲ್ಲ. ಆದರೆ ಅವನು 41 ವರ್ಷ ಪಾಲಿಸಿದ ಪ್ರತಿಜ್ಞೆಯನ್ನು ಜನ ಮರೆಯಲಿಲ್ಲ. 1975ರಲ್ಲಿ ಜಗದ್ಗುರು ಆರನೆಯ ಪೌಲರು ಅವರನ್ನು ಪೂಜ್ಯರೆಂದು ಸಾರಿದರು. ಕುಡಿತದಿಂದ ಬಿಡುಗಡೆ ಬಯಸುವವರು ಇಂದಿಗೂ ಅವರ ಪ್ರಾರ್ಥನಾ ಸಹಾಯ ಕೋರುತ್ತಾರೆ.

ಪ್ರಿಯ ಓದುಗರೇ, ಪೂಜ್ಯ ಮ್ಯಾಟ್ ಟಾಲ್ಬಟ್ ಗೆದ್ದದ್ದು ಮನಸ್ಸು ಗಟ್ಟಿಯಿತ್ತೆಂದಲ್ಲ, ಅದು ಗಟ್ಟಿಯಿಲ್ಲವೆಂದು ಒಪ್ಪಿಕೊಂಡದ್ದರಿಂದ. ಹಾಗಾಗಿ ಅವರು ಚಿಕ್ಕ ಪ್ರತಿಜ್ಞೆ ಮಾಡಿದರು, ಸೋಲಿಸುವ ಸಂದರ್ಭದಿಂದ ದೂರ ನಿಂತರು, ಖಾಲಿ ಹೊತ್ತನ್ನು ದೇವರಿಗೆ ಕೊಟ್ಟರು. ಕುಡಿತವೂ ಒಂದು ಕಾಯಿಲೆಯೆಂದು ಇಂದು ವೈದ್ಯರು ಹೇಳುತ್ತಾರೆ. ಬಹಳ ಕಾಲ ಕುಡಿದವರು ಅವರ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ.

ನಿಮ್ಮ ಮನೆಯಲ್ಲಿ ಇಂಥ ಹೋರಾಟ ನಡೆಸುತ್ತಿರುವವರು ಇದ್ದರೆ, ಅವರ ಹಳೆಯ ಸೋಲುಗಳನ್ನು ಎಣಿಸಬೇಡಿ. ಜೀವನವಿಡೀ ಬಿಡುತ್ತೇನೆಂಬ ಮಾತನ್ನೂ ಕೇಳಬೇಡಿ. ಮೂರು ತಿಂಗಳು ಕೇಳಿ. ಅದೂ ಹೆಚ್ಚೆನಿಸಿದರೆ ಇವತ್ತಿನ ಒಂದು ಸಂಜೆ ಕೇಳಿ. ಆ ಸಂಜೆ ಅವರ ಜೊತೆ ಜಪಸರಕ್ಕೆ ನೀವೂ ಕೂತುಕೊಳ್ಳಿ.