ಫ್ಲಾರೆನ್ಸ್ ನೈಟಿಂಗೇಲ್: ಶುಶ್ರೂಷೆಗೊಂದು ನೀತಿಯ ನೆಲೆ

ಫ್ಲಾರೆನ್ಸ್ ನೈಟಿಂಗೇಲರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಆಂಗ್ಲ ಮನೆತನವೊಂದರಲ್ಲಿ ಜನಿಸಿದರು. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ವೃತ್ತಿಗೆ ಮರ್ಯಾದೆಯಿರಲಿಲ್ಲ. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಎದುರಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಟ್‌ನಲ್ಲಿ ಅವರು ಶುಶ್ರೂಷೆಯನ್ನು ಕಲಿತರು. 1853ರಲ್ಲಿ ಲಂಡನ್ನಿನ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಅವರಿಗೆ ದೊರೆಯಿತು. ಅಲ್ಲಿನ ಮಂಡಳಿಗೆ ಆಂಗ್ಲ ಚರ್ಚಿಗೆ ಸೇರದ ರೋಗಿಗಳು ಬೇಡವಾಗಿತ್ತು. ಕ್ಯಾಥೊಲಿಕರು, ಯಹೂದಿಯರು ಮೊದಲಾಗಿ ಎಲ್ಲ ಮತದವರಿಗೂ ಬಾಗಿಲು ತೆರೆಯದ ಹೊರತು ತಾವು ಅಲ್ಲಿರುವುದಿಲ್ಲವೆಂದು ಅವರು ನಿಷ್ಠುರವಾಗಿ ತಿಳಿಸಿ, ಆ ಮಾತನ್ನು ನಡೆಸಿಕೊಂಡರು.

ಕ್ರಿಮಿಯಾ ಯುದ್ಧದ ಸೈನಿಕರ ಆರೈಕೆಗಾಗಿ 1854ರ ನವೆಂಬರಿನಲ್ಲಿ 38 ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಗೆ ಹೋದರು. ಇರುಳಿನಲ್ಲಿ ದೀಪ ಹಿಡಿದು ರೋಗಿಗಳ ನಡುವೆ ಸುತ್ತಿದ ಅವರ ಚಿತ್ರ ಲೋಕಪ್ರಸಿದ್ಧ. ಆದರೆ ಅವರು ಬಂದ ಮೇಲೆಯೂ ಆ ಚಳಿಗಾಲದಲ್ಲಿ ಸಾವುಗಳು ಏರುತ್ತಲೇ ಹೋದವು. 1855ರ ವಸಂತದಲ್ಲಿ ಸರ್ಕಾರದ ನೈರ್ಮಲ್ಯ ಆಯೋಗವು ಕಟ್ಟಡದಡಿಯ ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡುವಂತೆ ಮಾಡಿದ ಬಳಿಕ ಮರಣಪ್ರಮಾಣ ಇಳಿಯಿತು.

ಸ್ವದೇಶಕ್ಕೆ ಮರಳಿದಾಗ ನಾಡೇ ಅವರನ್ನು ಕೊಂಡಾಡುತ್ತಿತ್ತು. ಆ ಕೀರ್ತಿಯಲ್ಲಿ ಮೈಮರೆಯದೆ ಅವರು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಸತ್ತವರ ಲೆಕ್ಕ ತೆಗೆದರು. ಗಾಯಗಳಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಮಡಿದವರೇ ಹೆಚ್ಚೆಂಬುದು ಸ್ಪಷ್ಟವಾಯಿತು. ತಾವೇ ದುಡಿದ ಸ್ಕುಟಾರಿಯ ಸಾವುಗಳನ್ನೂ ಮರೆಮಾಚದೆ, 1858ರಲ್ಲಿ ಈ ಸಂಗತಿಯನ್ನು ರೇಖಾಚಿತ್ರಗಳೊಡನೆ ಪ್ರಕಟಿಸಿದರು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶುಶ್ರೂಷಾ ಶಾಲೆ ಆರಂಭವಾಯಿತು. ವಿದ್ಯಾರ್ಥಿನಿಯರ ಕೈಚಳಕದ ಜೊತೆಗೆ ಸಮಯಪಾಲನೆ, ವಿಶ್ವಾಸಾರ್ಹತೆ, ಶುಚಿತ್ವಗಳನ್ನೂ ಅಲ್ಲಿ ತಿಂಗಳು ತಿಂಗಳೂ ದಾಖಲಿಸುತ್ತಿದ್ದರು. ಹೊಣೆ ಹೊತ್ತವಳು ಎದುರಿಗಿದ್ದಾಗ ನಡೆಯುವ ಆರೈಕೆ ಆಕೆ ಇಲ್ಲದಾಗಲೂ ಹಾಗೆಯೇ ನಡೆಯುವಂತೆ ಏರ್ಪಡಿಸುವುದೇ ನಿಜವಾದ ಮೇಲ್ವಿಚಾರಣೆ ಎಂಬುದನ್ನು 1859ರ ತಮ್ಮ ಗ್ರಂಥದಲ್ಲಿ ಅವರು ವಿವರಿಸಿದ್ದರು. ನೀತಿಯು ಒಬ್ಬರ ಗುಣವಾಗಿ ಉಳಿಯದೆ ಆಸ್ಪತ್ರೆಯ ನಡವಳಿಕೆಯಾಗಬೇಕೆಂಬುದೇ ಇದರ ತಾತ್ಪರ್ಯ.

ಭಾರತಕ್ಕೆ ಅವರು ಬರಲೇ ಇಲ್ಲ. ಆದರೂ ದಶಕಗಳ ಕಾಲ ಇಲ್ಲಿನ ನೈರ್ಮಲ್ಯದ ಚಿಂತೆ ಮಾಡಿದರು. 1876–78ರ ಧಾತು–ಈಶ್ವರ ಸಂವತ್ಸರಗಳ ಬರವು ಮೈಸೂರು ಸೀಮೆಯನ್ನೂ ಕೊಯಮತ್ತೂರು ಮೊದಲಾದ ಮದರಾಸು ಪ್ರಾಂತ್ಯದ ಜಿಲ್ಲೆಗಳನ್ನೂ ಬಾಧಿಸಿದಾಗ, ರೈತರ ಸಾಲ ಮತ್ತು ನೀರಾವರಿಯ ಕೊರತೆಯ ಬಗ್ಗೆ ಬರೆದು ತಮ್ಮ ಸರ್ಕಾರವನ್ನೇ ಪ್ರಶ್ನಿಸಿದರು.

ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಬೆಳಗಿ ಸ್ವೀಕರಿಸುವ ನೈಟಿಂಗೇಲ್ ಪ್ರತಿಜ್ಞೆ ಅವರ ರಚನೆಯಲ್ಲ. ಅದು 1893ರಲ್ಲಿ ಅಮೆರಿಕದಲ್ಲಿ ಸಿದ್ಧವಾದುದು. ಪ್ರತಿಜ್ಞೆಗಿಂತ ನಿತ್ಯದ ನಡೆಯನ್ನೇ ಅವರು ನಂಬಿದ್ದರು. 1910ರ ಆಗಸ್ಟ್ 13ರಂದು ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯ ಗೌರವ ಒದಗಿಬಂದಿತ್ತು. ಮನೆಯವರು ಅದನ್ನು ಒಪ್ಪದೆ, ಹಳ್ಳಿಯ ಚರ್ಚಿನಂಗಳದಲ್ಲಿ ಅವರನ್ನು ಮಣ್ಣುಮಾಡಿದರು.